ದೋಣಿ ಕಟ್ಟಿದ ಎಲೆಕ್ಟ್ರಿಕ್ ಗಾಡಿ: ಹೊಳೆ ಮುಟ್ಟುತ್ತದೆ, ಮನೆ ಮುಟ್ಟುವುದಿಲ್ಲ

ಮೀನಿನ ಗುತ್ತಿಗೆ ಹಿಡಿದವರು, ಹೊಳೆಯಲ್ಲಿ ಬೋಟ್ ಇಟ್ಟುಕೊಂಡವರು ಈಗೀಗ ಒಂದೇ ಪ್ರಶ್ನೆ ಕೇಳುತ್ತಾರೆ: ಡೀಸೆಲ್ ಪಿಕಪ್ ಮಾರಿ ಎಲೆಕ್ಟ್ರಿಕ್ ಗೂಡ್ಸ್ ಗಾಡಿ ತಗೊಂಡರೆ ಅದರ ಹಿಂದೆ ದೋಣಿಯ ಟ್ರೇಲರ್ ಕಟ್ಟಬಹುದೇ? ಕಟ್ಟಬೇಡಿ. ಕಲಬುರಗಿಯಿಂದ ಗಾಣಗಾಪುರದ ಕಡೆ ಭೀಮಾ ದಂಡೆಗೆ ಹಾಗೆ ಕಟ್ಟಿಕೊಂಡು ಹೋದ ಗಾಡಿಯೊಂದು ಕಂಟ್ರೋಲರ್, ಅಂದರೆ ಮೋಟರಿಗೆ ಕರೆಂಟು ಅಳೆದು ಕೊಡುವ ಪೆಟ್ಟಿಗೆ, ಸುಟ್ಟುಕೊಂಡು ಮೂಲೆ ಸೇರಿದೆ. ವಾರಂಟಿಯೂ ಸಿಗಲಿಲ್ಲ. ಒಂದೇ ದಿನದಲ್ಲಿ ಆದ ನಾಲ್ಕೈದು ತಪ್ಪುಗಳ ಫಲ ಇದು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ, ಯಾರಾದರೂ ಮಾಡುವಂಥವೇ.

ಗಾಡಿ ನಮ್ಮ ಕಡೆ ಎಲ್ಲೆಡೆ ಕಾಣುವ ಪುಟ್ಟ ನಾಲ್ಕು ಗಾಲಿಯದು. ಬ್ಯಾಟರಿ 21 ಯೂನಿಟ್ ಹಿಡಿಯುತ್ತದೆ, ಕಾಗದದ ಮೇಲೆ ಒಂದು ಚಾರ್ಜಿಗೆ 150 ಕಿ.ಮೀ. ದೋಣಿ 16 ಅಡಿಯ ಫೈಬರ್‌ದು, ಖಾಲಿ 320 ಕೆ.ಜಿ. 25 ಎಚ್‌ಪಿ ಎಂಜಿನ್ 55 ಕೆ.ಜಿ., ಟ್ರೇಲರ್ 220, ಬಲೆ, ಹಗ್ಗ, ಲಂಗರು, ಪೆಟ್ರೋಲ್ ಕ್ಯಾನ್ ಸೇರಿ ಇನ್ನೊಂದು 55. ಒಟ್ಟು 650 ಕೆ.ಜಿ. ಮಾರಿದವರ ಭರವಸೆ ಹೀಗಿತ್ತು: "ಟನ್ ಹೊರೋ ಗಾಡಿ ಅದ ಅಣ್ಣಾ, ಅರ್ಧ ಟನ್ ದೋಣಿ ಎಳಿಲಾರ್ದೇನು?"

ಹೊರುವುದು ಬೇರೆ, ಎಳೆಯುವುದು ಬೇರೆ. ಡಾಲಾದಲ್ಲಿ, ಅಂದರೆ ಹಿಂದಿನ ತೊಟ್ಟಿಯಲ್ಲಿ, ಹೇರಿದ ಮಾಲಿಗೆ ಗಾಡಿಯದೇ ಸ್ಪ್ರಿಂಗ್, ಗಾಡಿಯದೇ ಬ್ರೇಕ್, ಗಾಡಿಯದೇ ಗಾಲಿ. ಹಿಂದೆ ಕಟ್ಟಿದ್ದಕ್ಕೆ ಬ್ರೇಕೇ ಇಲ್ಲದಿದ್ದರೆ ನೀವು ಪೆಡಲ್ ಒತ್ತಿದಾಗ ಅದು ಹಿಂದಿನಿಂದ ನೂಕುತ್ತದೆ. ಎಷ್ಟು ತೂಕ ಎಳೆಯಬಹುದು ಎಂದು ಮಾಲೀಕರ ಕೈಪಿಡಿಯಲ್ಲಿ ಬೇರೆಯಾಗಿ ಬರೆದಿರಬೇಕು. ಬರೆದಿಲ್ಲವೆಂದರೆ ಆ ಅಂಕಿ ಸೊನ್ನೆ ಎಂದೇ ತಿಳಿಯಿರಿ. ಗಾಡಿಯ ಮೈಗಿರುವ ಕೊಂಡಿಯನ್ನು, ಗಾಡಿ ಕೆಟ್ಟು ನಿಂತಾಗ ಅದನ್ನು ಹೊರಗೆ ಎಳೆಸಿಕೊಳ್ಳಲಿಕ್ಕೆ ಕೊಟ್ಟದ್ದು. ದಿನಾ ಟ್ರೇಲರ್ ಸಿಕ್ಕಿಸಲಿಕ್ಕೆ ಅಲ್ಲ.

ಈಗ ಲೆಕ್ಕ. ಸಮತಟ್ಟಾದ ರಸ್ತೆಯಲ್ಲಿ 60ರ ವೇಗದಲ್ಲಿ ಇಬ್ಬರು ಕೂತ ಖಾಲಿ ಗಾಡಿ ಕಿಲೋಮೀಟರಿಗೆ ಸುಮಾರು 0.16 ಯೂನಿಟ್ ತಿನ್ನುತ್ತದೆ. ಟ್ರೇಲರ್ ಕಟ್ಟಿದರೆ ಅದರ ಮೇಲೆ ಇನ್ನೊಂದು 0.10. ಇದರಲ್ಲಿ ದೋಣಿಯ ತೂಕದ ಪಾಲು ಮೂರರಲ್ಲಿ ಒಂದು, ಉಳಿದ ಎರಡು ಪಾಲು ಗಾಳಿಯದು. ದೋಣಿಯ ಮೂಗು ಚೂಪಾಗಿದ್ದರೂ ಗಾಡಿಯ ಬೆನ್ನಿಗೂ ಅದಕ್ಕೂ ನಡುವಿನ ಸಂದಿಯಲ್ಲಿ ಗಾಳಿ ಸುತ್ತುತ್ತದೆ. ಎಂಜಿನ್ ಇಳಿಬಿಟ್ಟ ಚಪ್ಪಟೆ ಹಿಂಬದಿಯಲ್ಲೂ ಅದೇ ಕಥೆ. ಅಲ್ಲಿಗೆ ಕಿಲೋಮೀಟರಿಗೆ ಕಾಲು ಯೂನಿಟ್ ದಾಟಿತು. ಬ್ಯಾಟರಿಯಲ್ಲಿ ನಿಜವಾಗಿ ಬಳಸಲು ಸಿಗುವುದು 19–20 ಯೂನಿಟ್. 150 ಕಿ.ಮೀ. ಎಂದದ್ದು ಗಾಳಿಯಿಲ್ಲದ ದಿನವೂ 75ರ ಸುತ್ತ ಬಂದು ನಿಲ್ಲುತ್ತದೆ.

ಆದರೆ ಆ ದಿನ ಗಾಳಿ ಇತ್ತು. ಮಳೆಗಾಲದಲ್ಲಿ ನಮ್ಮ ಬಯಲಿನಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಗಾಣಗಾಪುರ, ಅಫಜಲಪುರದ ಕಡೆ ಹೋಗುವುದೆಂದರೆ ಅದಕ್ಕೆ ಎದೆ ಕೊಟ್ಟು ಹೋಗುವುದು. ಎದುರು ಗಾಳಿ ಗಂಟೆಗೆ 20 ಕಿ.ಮೀ. ಇದ್ದು ನೀವು 60ರಲ್ಲಿ ಹೋದರೆ ಗಾಡಿಗೆ ತಾಗುವುದು 80ರ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹೆಚ್ಚುಕಡಿಮೆ 1.8 ಪಟ್ಟಾಗುತ್ತದೆ. ಸುಮಾರು 40 ಕಿ.ಮೀ. ಹೋಗುವಷ್ಟರಲ್ಲಿ ಬ್ಯಾಟರಿ ಮೀಟರು ನೂರು ಪರ್ಸೆಂಟಿನಿಂದ 33ಕ್ಕೆ ಇಳಿದಿತ್ತು. ಬ್ಯಾಟರಿ ಕೆಟ್ಟಿದೆ ಎಂದು ಜಗಳ ತೆಗೆಯುವಂಥದ್ದೇನೂ ಅಲ್ಲ. ಕಿಲೋಮೀಟರಿಗೆ ಮೂರನೇ ಒಂದು ಯೂನಿಟ್, ಲೆಕ್ಕ ಸರಿಯಾಗಿಯೇ ಇದೆ. ಹೊರಡುವ ಮುಂಚೆ ಯಾರೂ ಆ ಲೆಕ್ಕ ಮಾಡಲಿಲ್ಲ, ಅಷ್ಟೆ. 40ರ ವೇಗದಲ್ಲಿ ಹೋಗಿದ್ದರೆ ಬಹಳಷ್ಟು ಉಳಿಯುತ್ತಿತ್ತು.

ಈ ಆಸೆ ಹುಟ್ಟುವುದು ಮೊಬೈಲಿನಲ್ಲಿ ಬರುವ ಅಮೆರಿಕದ ವಿಡಿಯೊಗಳಿಂದ. ಅಲ್ಲಿಯ ಫೋರ್ಡ್ ಎಫ್-150 ಲೈಟ್ನಿಂಗ್‌ನ ದೊಡ್ಡ ಬ್ಯಾಟರಿ 131 ಯೂನಿಟ್‌ದು, ಅಂದರೆ ನಮ್ಮ ಪುಟ್ಟ ಗಾಡಿಯ ಆರು ಪಟ್ಟು. ಸರಿಯಾದ ಪ್ಯಾಕೇಜ್ ಹಾಕಿಸಿದರೆ ಸುಮಾರು 4,500 ಕೆ.ಜಿ. ಎಳೆಯಲು ಕಂಪನಿಯೇ ಒಪ್ಪಿಗೆ ಕೊಟ್ಟಿದೆ. ರಿವಿಯನ್ ಆರ್1ಟಿಗೆ ಸುಮಾರು 5,000 ಕೆ.ಜಿ. ಅಂಥ ಗಾಡಿಗಳೇ ಭಾರಿ ಟ್ರೇಲರ್ ಕಟ್ಟಿದಾಗ ಓಟದ ಅರ್ಧದಷ್ಟು ಕಳೆದುಕೊಳ್ಳುತ್ತವೆ. ಚಾರ್ಜಿಂಗ್ ಜಾಗದಲ್ಲಿ ಟ್ರೇಲರ್ ಬಿಚ್ಚಿ ಪಕ್ಕಕ್ಕಿಡುವ ಗೋಳು ಅಲ್ಲಿಯವರಿಗೂ ತಪ್ಪಿಲ್ಲ. ನಮ್ಮಲ್ಲಿ ಬಿಚ್ಚಿಡಲು ಚಾರ್ಜಿಂಗ್ ಜಾಗವಾದರೂ ಬೇಕಲ್ಲ. ಹೊಳೆದಂಡೆಯ ಊರಿನಲ್ಲಿ 15 ಆಂಪಿಯರ್ ಪ್ಲಗ್ ಸಿಕ್ಕರೂ ಗಂಟೆಗೆ 3 ಯೂನಿಟ್ ತುಂಬಿದರೆ ಪುಣ್ಯ. ವೋಲ್ಟೇಜ್ ಇಳಿದರೆ ಚಾರ್ಜರ್ ತಾನೇ ಬಂದ್ ಆಗುತ್ತದೆ. ಪಂಪ್‌ಸೆಟ್ ಲೈನಿಗೆ ಸಿಕ್ಕಿಸುವ ಯೋಚನೆ ಬಂದರೆ ಬಿಟ್ಟುಬಿಡಿ. ನೀರಾವರಿಗೆಂದು ಕೊಟ್ಟ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸುವುದು ಅನಧಿಕೃತ ಬಳಕೆ, ವಿದ್ಯುತ್ ಕಂಪನಿ ಜೆಸ್ಕಾಂ ದಂಡ ಹಾಕುತ್ತದೆ.

ಟ್ರೇಲರ್ ಸಿಕ್ಕಿಸಲು ಹಾಕಿಸಿದ ಹುಕ್ಕಿನ ವಿಷಯ ಇದಕ್ಕಿಂತ ಗಂಭೀರ. ಗ್ಯಾರೇಜಿನವರು ಚಾಸಿಸ್‌ಗೆ ಪಟ್ಟಿ ಇಟ್ಟು ವೆಲ್ಡ್ ಮಾಡಿಕೊಟ್ಟಿದ್ದರು. ಡೀಸೆಲ್ ಗಾಡಿಗೆ ವರ್ಷಗಟ್ಟಲೆ ಮಾಡಿದ ಕೈ, ಅದೇ ಧೈರ್ಯ. ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ಯಾಟರಿ ಕೂರುವುದೇ ಚಾಸಿಸ್‌ನ ಎರಡು ಉದ್ದ ಪಟ್ಟಿಗಳ ನಡುವೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್, ಅದರ ಹತ್ತಿರ ಕಿಡಿ ಹಾರುವ ಕೆಲಸವೇ ಬೇಡ. ವೆಲ್ಡಿಂಗ್‌ನ ಅರ್ತ್ ಕ್ಲಿಪ್ ದೂರದಲ್ಲಿ ಹಾಕಿದ್ದರೆ ಕರೆಂಟು ಗಾಡಿಯ ಮೈತುಂಬ ಓಡಾಡಿ ಬ್ಯಾಟರಿ ನೋಡಿಕೊಳ್ಳುವ ಸರ್ಕ್ಯೂಟ್‌ಗೆ ಪೆಟ್ಟು ಕೊಡಬಹುದು. ಪೆಟ್ಟು ಅವತ್ತೇ ಕಾಣುವುದಿಲ್ಲ. ವಾರಂಟಿ ಕೇಳಲು ಹೋದಾಗ ಮೊದಲು ಕಾಣುವುದು ಮಾತ್ರ ಆ ವೆಲ್ಡಿಂಗ್ ಗುರುತೇ.

ಕಾನೂನು ಎರಡು ಮಾತಿನಲ್ಲಿ: ಆರ್‌ಸಿಯಲ್ಲಿನ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 61ನೇ ಕಲಮಿನ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇವನ್ನೇ.

ಇನ್ನು ಹೊಳೆದಂಡೆ. ಭೀಮೆಗೆ ದೋಣಿ ಇಳಿಸುವ ಕಡೆ ಕಾಂಕ್ರೀಟ್ ಇಳಿಜಾರು ಎಲ್ಲಿದೆ? ಇರುವುದು ಎರೆಮಣ್ಣು. ಮೇಲೆ ಒಣಗಿದ ಹಾಗೆ ಕಂಡರೂ ಒಂದು ಗೇಣು ಕೆಳಗೆ ಬೆಣ್ಣೆ. ಹಿಂದಿನ ಗಾಲಿ ತಿರುಗಿಸುವ ಗಾಡಿ ದೋಣಿ ನೀರಿಗೆ ಬಿಡಲು ಹಿಂದಕ್ಕೆ ಹೋದಾಗ ಕೆಸರಿಗೆ ಮೊದಲು ಇಳಿಯುವುದೇ ಆ ಗಾಲಿಗಳು. ಮರಳಿ ಎಳೆಯುವಾಗ ಗಾಲಿ ಸುತ್ತಿತು, ಇಲ್ಲವೇ ಸುತ್ತದೆ ನಿಂತು ಒತ್ತಿತು. ನಿಂತಲ್ಲೇ ಒತ್ತುವುದು ಎಲೆಕ್ಟ್ರಿಕ್ ಮೋಟರಿಗೆ ಬಹಳ ಕೆಟ್ಟದ್ದು. ಗಾಲಿ ತಿರುಗದಿದ್ದರೂ ಪೂರ್ತಿ ಕರೆಂಟು ಹರಿಯುತ್ತದೆ, ಆ ಶಕ್ತಿಯೆಲ್ಲ ಬಿಸಿಯಾಗುತ್ತದೆ, ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಬಲ ಕಡಿಮೆ ಮಾಡುತ್ತದೆ. ಡ್ರೈವರ್ ಇನ್ನೂ ಜೋರಾಗಿ ಒತ್ತುತ್ತಾನೆ. ಅಲ್ಲೇ 8 ಪರ್ಸೆಂಟ್ ಹೋಯಿತು. ಪರದೆಯಲ್ಲಿ ಬಿಸಿಯ ಗುರುತು ಬಂದ ಕೂಡಲೇ ಪೆಡಲ್ ಬಿಟ್ಟು, ಟ್ರೇಲರ್ ಕಳಚಿ, ಹಗ್ಗ ಕಟ್ಟಿ ಮೇಲಿನಿಂದ ಟ್ರ್ಯಾಕ್ಟರಿನಲ್ಲಿ ಎಳೆಸುವುದೊಂದೇ ದಾರಿ.

ನೀರೂ ಗಾಲಿಯ ನಡುಭಾಗದ (ಹಬ್) ಮಟ್ಟ ದಾಟಬಾರದು. ಬ್ಯಾಟರಿಗೆ ಐಪಿ67 ಇದೆ ಎಂಬ ಮಾತಿಗೆ ಮರುಳಾಗಬೇಡಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂಬುದು ಸೀಲ್ ಹೊಸದಿದ್ದಾಗಿನ ಪರೀಕ್ಷೆ. ಕೆಸರು ಕಲಸಿದ ನೀರಿನಲ್ಲಿ ಅಲುಗಾಡುವ ಕನೆಕ್ಟರುಗಳಿಗೆ ಅದನ್ನು ಅನ್ವಯಿಸಲಾಗದು. ಟ್ರೇಲರಿನ ಬೇರಿಂಗ್ ಕೂಡ ಹೀಗೆಯೇ ಹಾಳಾಗುತ್ತದೆ. 40 ಕಿ.ಮೀ. ಓಡಿ ಬಿಸಿಯಾದದ್ದನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ. ಇಪ್ಪತ್ತು ನಿಮಿಷ ಆರಲು ಬಿಟ್ಟು, ಲೈಟಿನ ಪ್ಲಗ್ ಕಳಚಿ, ಆಮೇಲೆ ನೀರಿಗೆ ಬಿಡಬೇಕು. ಯಾವ ಗಾಡಿ ಎಳೆದರೂ ಇದು ಸರಿಯೇ.

ಮರಳಿ ಬರುವಾಗ ಗಾಳಿ ಬೆನ್ನಿಗಿತ್ತು. ಆದರೂ 25 ಪರ್ಸೆಂಟ್ ಸಾಲಲಿಲ್ಲ. ಊರು ಇನ್ನೂ 18 ಕಿ.ಮೀ. ಇರುವಾಗ ಗಾಡಿ ನಿಂತಿತು, ಆಗ ಎಲ್ಲಕ್ಕಿಂತ ದುಬಾರಿ ತಪ್ಪು ನಡೆಯಿತು. ದಾರಿಯಲ್ಲಿ ಸಿಕ್ಕ ಟ್ರ್ಯಾಕ್ಟರಿಗೆ ಮುಂದಿನ ಕೊಂಡಿಯಿಂದ ಹಗ್ಗ ಕಟ್ಟಿ, ನಾಲ್ಕೂ ಗಾಲಿ ನೆಲದ ಮೇಲೆಯೇ ಇಟ್ಟು ಎಳೆಸಿದರು. ಡೀಸೆಲ್ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಎಳೆಸಿದ ಹಾಗೆ. ಇಂಥ ಗಾಡಿಯಲ್ಲಿ ಮೋಟರಿಗೂ ಗಾಲಿಗೂ ನಡುವೆ ಬಿಡಿಸುವ ಕ್ಲಚ್ ಇಲ್ಲ. ಗಾಲಿ ತಿರುಗಿದರೆ ಮೋಟರೂ ತಿರುಗುತ್ತದೆ. ಅದರೊಳಗೆ ಕಾಯಂ ಅಯಸ್ಕಾಂತ ಇರುವುದರಿಂದ ತಿರುಗಿದರೆ ಅದು ಡೈನಮೋ. ಹುಟ್ಟಿದ ಕರೆಂಟು ನೇರ ಕಂಟ್ರೋಲರಿಗೆ ನುಗ್ಗುತ್ತದೆ. ಕೆಸರಿನಲ್ಲಿ ಮೊದಲೇ ಬೆಂದಿದ್ದ ಕಂಟ್ರೋಲರ್ ಅಲ್ಲಿಗೆ ಮುಗಿಯಿತು. ಎಲೆಕ್ಟ್ರಿಕ್ ಗಾಡಿ ನಿಂತರೆ ಪೂರ್ತಿ ಲಾರಿಯ ಮೇಲೆ ಹೇರಿಸಬೇಕು, ಇಲ್ಲವೇ ಮೋಟರ್ ತಿರುಗಿಸುವ ಜೋಡಿ ಗಾಲಿಯನ್ನಾದರೂ ಎತ್ತಿಸಬೇಕು.

ಬೀದರ್ ಕಡೆ, ಕಾರಂಜಾ ಜಲಾಶಯಕ್ಕೆ ಹೋಗುವವರಿಗೆ ಬೇರೆಯದೇ ಗಂಡಾಂತರ. ಕಮಲಾಪುರ ದಾಟಿ ಹುಮನಾಬಾದಿಗೆ ರಸ್ತೆ ಏರುತ್ತದೆ. ನೂರು ಮೀಟರಿಗೆ ಮೂರು ಮೀಟರ್ ಏರಿದರೆ ಕಿಲೋಮೀಟರಿಗೆ 0.20 ಯೂನಿಟ್ ಹೆಚ್ಚಿಗೆ ಬೇಕು. ಏರು ಹೇಗೋ ಮುಗಿಯುತ್ತದೆ, ಹೆದರಬೇಕಾದದ್ದು ಇಳಿಜಾರಿಗೆ. ಇಳಿಯುವಾಗ ಪೆಡಲ್ ಬಿಟ್ಟರೆ ಮೋಟರೇ ಡೈನಮೋ ಆಗಿ ಬ್ಯಾಟರಿ ತುಂಬುತ್ತ ಗಾಡಿಯನ್ನು ತಡೆಯುತ್ತದೆ. ಹುಮನಾಬಾದಿನಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಇಳಿದರೆ ತುಂಬಿದ ಬ್ಯಾಟರಿ ಆ ಮರುಚಾರ್ಜ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೋಟರ್ ಬ್ರೇಕ್ ಹಿಡಿಯುವುದು ಬಹಳ ಕಡಿಮೆ. ಹಿಂದೆ ಬ್ರೇಕಿಲ್ಲದ 650 ಕೆ.ಜಿ. ನೂಕುತ್ತಿರುವಾಗ ಇದು ಗೊತ್ತಾದರೆ ತಡವಾಯಿತು.

ಎಲೆಕ್ಟ್ರಿಕ್ ಗಾಡಿ ಈಗಾಗಲೇ ಕೊಂಡಿದ್ದರೆ ಮೀನಿನ ಕೆಲಸಕ್ಕೆ ಅದು ಕೆಟ್ಟದ್ದೇನಲ್ಲ. ಐಸ್ ಪೆಟ್ಟಿಗೆ ಹೇರಿಕೊಂಡು ಊರೊಳಗೆ ಮೀನು ಹಂಚಲಿಕ್ಕೆ ಡೀಸೆಲ್‌ಗಿಂತ ಅಗ್ಗ. ಫೈಬರ್ ಹರಿಗೋಲು ಅಥವಾ ಗಾಳಿ ತುಂಬುವ ರಬ್ಬರ್ ಬೋಟ್ ಆದರೆ ಡಾಲಾದಲ್ಲೇ ಮಲಗಿಸಿ ಕಟ್ಟಬಹುದು, ಮೀಟರಿನಲ್ಲಿ ದೊಡ್ಡ ವ್ಯತ್ಯಾಸ ಕಾಣದು. 16 ಅಡಿಯ ದೋಣಿಯನ್ನು ಹಂಗಾಮಿನಲ್ಲಿ ಹೊಳೆದಂಡೆಯಲ್ಲೇ ಬಿಟ್ಟು ಎಂಜಿನ್ ಮಾತ್ರ ಕಳಚಿ ತನ್ನಿರಿ, 55 ಕೆ.ಜಿ. ಅಷ್ಟೆ. ದೋಣಿಯನ್ನೇ ಸಾಗಿಸುವ ಎರಡು ದಿನಕ್ಕೆ, ಹಂಗಾಮಿನ ಮೊದಲ ದಿನ ಮತ್ತು ಕೊನೆಯ ದಿನ, ಬಾಡಿಗೆ ಟ್ರ್ಯಾಕ್ಟರ್ ಸಾಕು. ಎರೆಮಣ್ಣಿನಿಂದ ಮೇಲಕ್ಕೆ ಎಳೆಯಲು ಅದನ್ನು ಹೇಗೂ ಕರೆಯಲೇಬೇಕಾಗುತ್ತದೆ.