ಪೆಂಟೆಲ್ ಪಾಕೆಟ್ ಬ್ರಷ್ ಪೆನ್: ನಾಲ್ಕು ವರ್ಷ ಕಾಮಿಕ್ಸ್ ಬರೆದ ಮೇಲೆ

ತುದಿ ಸೂಜಿಯಂತೆ ಇರುವುದು ಆರೇಳು ತಿಂಗಳು. ಪೆನ್ನು ಕೆಲಸಕ್ಕೆ ಬರುವುದು ಅದರ ಮೂರು ಪಟ್ಟು ಕಾಲ. ಪೆಂಟೆಲ್ ಪಾಕೆಟ್ ಬ್ರಷ್ ಪೆನ್ ಕೊಳ್ಳುವ ಮುಂಚೆ ಈ ಎರಡು ಲೆಕ್ಕ ಗೊತ್ತಿದ್ದರೆ ಹಣ ದಂಡವಾಯಿತು ಅನ್ನಿಸುವುದಿಲ್ಲ. ವಾರಕ್ಕೆ ಎರಡು ಎ4 ಪುಟದಂತೆ ನಾಲ್ಕು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ ಇದು. ಅಷ್ಟರಲ್ಲಿ ಮೂರು ಪೆನ್ನಿನ ತುದಿ ಸವೆದಿದೆ. ಎಸೆಯಬೇಕಾದದ್ದು ಒಂದೂ ಇಲ್ಲ.

ಇದರ ತುದಿ ಫೆಲ್ಟ್ ಅಲ್ಲ, ನೈಲಾನ್ ಕೂದಲು. ಅಂಗಡಿಯಲ್ಲಿ ಬ್ರಷ್ ಪೆನ್ ಎಂದು ಮಾರುವ ಬಹಳಷ್ಟು ಪೆನ್ನುಗಳ ತುದಿ ಮೆತ್ತನೆಯ ಸ್ಪಂಜಿನಂಥದ್ದು. ಒತ್ತಿ ಬರೆಯುವ ಕೈಯಲ್ಲಿ ಅದು ಕೆಲವೇ ವಾರಗಳಲ್ಲಿ ಮೊಂಡಾಗುತ್ತದೆ. ಇಲ್ಲಿ ಕೂದಲು ಬಿಡಿಬಿಡಿ, ಒತ್ತಿದರೆ ಹರಡುತ್ತದೆ, ಎತ್ತಿದರೆ ಮತ್ತೆ ಒಂದೇ ಮೊನೆಗೆ ಬರುತ್ತದೆ. ಹಾಗಾಗಿ ಕೈ ಎತ್ತದೆ ಒಂದೇ ಗೆರೆಯಲ್ಲಿ ಕೂದಲೆಳೆಯಷ್ಟು ತೆಳುವಿನಿಂದ ನಾಲ್ಕೈದು ಮಿಲಿಮೀಟರ್ ದಪ್ಪದವರೆಗೆ ಹೋಗಿ ಬರಬಹುದು. ಇಂಕು ಪಿಗ್ಮೆಂಟ್, ಅಂದರೆ ನೀರಿಗೆ ಕರಗದ ಬಣ್ಣದ ಕಣಗಳದ್ದು. ಚೆನ್ನಾಗಿ ಒಣಗಿದ ಮೇಲೆ ಮೇಲಿಂದ ಜಲವರ್ಣ ಹಚ್ಚಿದರೂ ಕದಡುವುದಿಲ್ಲ.

ಸೇಬಲ್ ಎಂಬ ಪ್ರಾಣಿಕೂದಲಿನ ಒಳ್ಳೆಯ ಕುಂಚ ಇದಕ್ಕಿಂತ ನಯ ಎಂಬುದು ನಿಜ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಕುಂಚ, ಕಪ್ಪು ಇಂಕಿನಲ್ಲೇ ಬರೆಯುತ್ತಿದ್ದರು. ಅವರ ಚಿತ್ರದಲ್ಲಿ ಕೋಟಿನ ಮಡಿಕೆ ಬಗಲಿನ ಹತ್ತಿರ ಉಬ್ಬಿ ಮೊಣಕೈಗೆ ಬರುವಷ್ಟರಲ್ಲಿ ಸಣ್ಣಗಾಗುವುದನ್ನು ನೋಡಿದರೆ ಕುಂಚದ ಗೆರೆ ಏಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಡ. ಆದರೆ ಕುಂಚಕ್ಕೆ ಇಂಕಿನ ಬಾಟಲಿ, ನೀರು, ಅಲುಗಾಡದ ಮೇಜು ಬೇಕು. ಈ ಪೆನ್ನು ಬಸ್ ನಿಲ್ದಾಣದ ಬೆಂಚಿನ ಮೇಲೂ ನಡೆಯುತ್ತದೆ. ದಿನಾ ಅಭ್ಯಾಸ ಮಾಡುವವರಿಗೆ ಇದೇ ದೊಡ್ಡ ಅನುಕೂಲ.

ಮೊದಲ ಸಲ ಕಾರ್ಟ್ರಿಜ್ಜನ್ನು (ಇಂಕು ತುಂಬಿದ ಕೊಳವೆಯನ್ನು) ನೇರವಾಗಿ ಒತ್ತಿ ಕೂರಿಸಿ, ತುದಿ ಕೆಳಗೆ ಮಾಡಿ ಐದು-ಹತ್ತು ನಿಮಿಷ ನಿಲ್ಲಿಸಬೇಕು. ಬೇಗ ಇಳಿಯಲಿ ಎಂದು ಕುಟ್ಟಿದರೆ ಕೂದಲಿನ ಬುಡದಲ್ಲಿ ಇಂಕು ಹೆಚ್ಚಾಗಿ ಶೇಖರವಾಗಿ ಮೊದಲ ಗೆರೆಯಲ್ಲೇ ತೊಟ್ಟಿಕ್ಕುತ್ತದೆ. ಮುಚ್ಚಳ ಹಾಕುವಾಗ ಪೆನ್ನನ್ನು ಕಣ್ಣಿಗೆ ನೇರ ಹಿಡಿದು ಹಾಕಿ. ಅಂಚಿಗೆ ಸಿಕ್ಕಿಕೊಂಡ ಒಂದು ಕೂದಲು ಮಡಿಚಿದರೆ ಅದು ಮತ್ತೆ ನೆಟ್ಟಗಾಗುವುದಿಲ್ಲ, ಪ್ರತಿ ಗೆರೆಯ ಪಕ್ಕದಲ್ಲೂ ಒಂದು ಕಳ್ಳಗೆರೆ ಎಳೆಯುತ್ತದೆ. ಸವೆತಕ್ಕಿಂತ ಮುಂಚೆ ತುದಿ ಹಾಳಾಗುವುದು ಹೆಚ್ಚಾಗಿ ಹೀಗೇ.

ಕಾಗದದ ವಿಷಯದಲ್ಲಿ ಜಿಪುಣತನ ಬೇಡ. 75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಜೆರಾಕ್ಸ್ ಹಾಳೆ ಅಭ್ಯಾಸಕ್ಕೆ ಸರಿ, ಕಪ್ಪು ತುಂಬಿದ ಕಡೆ ಸುಕ್ಕಾಗುತ್ತದೆ. 150ರ ಮೇಲಿನ, ಕಾರ್ಟ್ರಿಜ್ ಎಂದೇ ಕರೆಯುವ ದಪ್ಪ ಡ್ರಾಯಿಂಗ್ ಕಾಗದ ದಿನದ ಕೆಲಸಕ್ಕೆ ಸಾಕು. ಅಂತಿಮ ಪುಟಕ್ಕೆ ಬ್ರಿಸ್ಟಲ್ ಎಂಬ ನುಣುಪಾದ ದಪ್ಪ ಹಾಳೆ. ತರಿತರಿಯಾದ ಜಲವರ್ಣದ ಹಾಳೆ ತುದಿಯನ್ನು ಅರದಂತೆ ಉಜ್ಜಿ ತಿನ್ನುತ್ತದೆ. ಹೊಸ ಪೆನ್ನನ್ನು ಅದರ ಮೇಲೆ ಇಡಲೇಬೇಡಿ. ಮಲೆನಾಡು, ಕರಾವಳಿಯ ಆಷಾಢದಲ್ಲಿ ಹಾಳೆ ತೇವ ಕುಡಿದು ಗೆರೆಯ ಅಂಚು ಜೂಲಾಗುತ್ತದೆ. ಪ್ಯಾಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಔಷಧದ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಜೊತೆಗೆ ಹಾಕಿಟ್ಟರೆ ಬಹಳ ಮಟ್ಟಿಗೆ ತಡೆಯಬಹುದು.

ಪುಟ ಬರೆಯುವ ಕ್ರಮವೂ ಮುಖ್ಯ. ಒದ್ದೆ ಹತ್ತಿ ಬಟ್ಟೆಗೆ ತುದಿ ಒರೆಸಿದ ಕೂಡಲೇ ಮೊನೆ ಅತಿ ಚೂಪಾಗಿರುತ್ತದೆ, ಆಗ ಕಣ್ಣು, ಹುಬ್ಬು, ತುಟಿ ಮುಗಿಸಿ. ಆಮೇಲೆ ಮುಖದ ಹೊರಗೆರೆ, ಕೈಬೆರಳು, ಬಟ್ಟೆಯ ಮಡಿಕೆ. ತಲೆಗೂದಲು, ನೆರಳು ಕೊನೆಗೆ. ಟಿಶ್ಯೂ ಕಾಗದದಲ್ಲಿ ಒರೆಸಬೇಡಿ, ಅದರ ನಾರು ಕೂದಲಿನ ನಡುವೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಕಪ್ಪು ಜಾಗವನ್ನು ಈ ಪೆನ್ನಿನಲ್ಲಿ ತುಂಬಿದರೆ ಕಾರ್ಟ್ರಿಜ್ ನೋಡನೋಡುತ್ತಲೇ ಖಾಲಿ. ಅದಕ್ಕೆ ಅಗ್ಗದ 6ನೇ ನಂಬರಿನ ಕುಂಚ, ಬಾಟಲಿಯ ಇಂಕೇ ಸರಿ.

ಇನ್ನು ಕನ್ನಡ ಅಕ್ಷರ. ಇಂಗ್ಲಿಷ್ ಕಾಮಿಕ್ಸಿನ ಅಳತೆಯನ್ನು ಹಾಗೇ ಇಟ್ಟುಕೊಂಡರೆ ಇಲ್ಲಿ ಎಡವುತ್ತೇವೆ. ಅಲ್ಲಿ ಸಾಮಾನ್ಯವಾಗಿ ಬಳಸುವ ಕ್ಯಾಪಿಟಲ್ ಅಕ್ಷರಗಳು ಎರಡು ಗೆರೆಯ ನಡುವೆ ಅಡಗುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’ ಇದ್ದು, ಅದರ ಕೆಳಗೇ ‘ಕೀಲಿ’ ಬಂದರೆ ಎರಡು ಒತ್ತೂ ಗುಡಿಸೂ ಒಂದಕ್ಕೊಂದು ತಗಲುತ್ತವೆ. ಮೂಲಾಕ್ಷರದ ಎತ್ತರ 4 ಮಿ.ಮೀ. ಇದ್ದರೆ ಸಾಲಿನಿಂದ ಸಾಲಿಗೆ 8ರಿಂದ 9 ಮಿ.ಮೀ. ಬಿಡಬೇಕು. ‘ಹೋಗಬೇಕಾಗಿತ್ತಲ್ಲ’ ಎಂಬಂಥ ಪದವನ್ನು ನಡುವೆ ಮುರಿದರೆ ಓದು ಎಡವುತ್ತದೆ. ಹಾಗಾಗಿ ಮೊದಲು ಮಾತು ಬರೆದು, ಅತಿ ಉದ್ದದ ಪದಕ್ಕೆ ತಕ್ಕ ಅಗಲ ನೋಡಿಕೊಂಡು, ಆಮೇಲೆ ಅದರ ಸುತ್ತ ಮಾತಿನ ಬಲೂನು ಎಳೆಯಿರಿ.

ಮಾತಿನ ಅಕ್ಷರಗಳನ್ನು ಈ ಪೆನ್ನಿನಲ್ಲಿ ಬರೆಯುವುದು ಬೇಡ. 4 ಮಿ.ಮೀ. ಎತ್ತರದಲ್ಲಿ ‘ಣ’, ‘ಖ’ಗಳ ಒಳಹೊಟ್ಟೆ ಮುಚ್ಚಿಹೋಗುತ್ತದೆ. 0.5ರ ಫೈನ್‌ಲೈನರ್ ಅದಕ್ಕೆ ಯೋಗ್ಯ. ಆದರೆ ಸದ್ದಿನ ಪದಗಳಿಗೆ ಇದರಷ್ಟು ಒಪ್ಪುವ ಸಾಧನ ಕಡಿಮೆ, ನಮ್ಮ ಲಿಪಿಯ ದುಂಡನೆಯ ತಿರುವುಗಳಲ್ಲಿ ಗೆರೆ ತಾನಾಗಿ ಉಬ್ಬಿ ಇಳಿಯುತ್ತದೆ. ‘ಢಣ್’ ಎಂದು 3 ಸೆಂ.ಮೀ. ಎತ್ತರಕ್ಕೆ ಬರೆಯುವಾಗ ‘ಢ’ದ ಅಡಿಯ ಸೀಳುಗೆರೆಯನ್ನು ತಕ್ಷಣ ಎಳೆಯಬೇಡಿ. ಮೇಲಿನ ಇಂಕು ಹಸಿಯಾಗಿದ್ದರೆ ಎರಡೂ ಕೂಡಿ ಗಟ್ಟಿ ಮುದ್ದೆಯಾಗಿ, ಗಂಟೆ ‘ಡಣ್’ ಎನ್ನತೊಡಗುತ್ತದೆ. ‘ಧಡಾರ್’, ‘ಫಟ್’ಗಳಿಗೂ ಇದೇ ಮಾತು. ಅರ್ಧ ನಿಮಿಷ ಬಿಟ್ಟು, ತುದಿ ಒರೆಸಿ, ಆ ಸೀಳನ್ನು ಒಂದೇ ಎಳೆತದಲ್ಲಿ ಹಾಕಿ.

ಅಳಿಸುವಾಗ ಅವಸರ ಸಲ್ಲದು. ನುಣುಪು ಕಾಗದದಲ್ಲಿ ಪಿಗ್ಮೆಂಟ್ ಮೇಲ್ಮೈಯಲ್ಲೇ ಕೂತಿರುತ್ತದೆ, ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ರಬ್ಬರು ಒಂದು ಪದರ ಎತ್ತಿಕೊಂಡು ಕಪ್ಪನ್ನು ಬೂದು ಮಾಡುತ್ತದೆ. ಒಂದು ರಾತ್ರಿ ಬಿಡುವುದು ಕ್ಷೇಮ. ಇನ್ನೂ ಒಳ್ಳೆಯ ದಾರಿಯೆಂದರೆ ತಿಳಿನೀಲಿ ಪೆನ್ಸಿಲಿನಲ್ಲಿ ಕರಡು ಬರೆದು ಅಳಿಸದೇ ಇರುವುದು. ಬಣ್ಣದಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿ, ನೀಲಿ ಚಾನೆಲ್ ಒಂದನ್ನೇ ಇಟ್ಟುಕೊಳ್ಳಿ. ಪೆನ್ಸಿಲ್ ಗೆರೆ ಅಲ್ಲಿ ಹೆಚ್ಚುಕಡಿಮೆ ಬಿಳಿಯಾಗಿ ಕಾಣುತ್ತದೆ, ಉಳಿದ ಮಾಸಲು ಥ್ರೆಶೋಲ್ಡಿನಲ್ಲಿ (ತೆಳುವನ್ನು ಬಿಳಿ, ಗಾಢವನ್ನು ಕಪ್ಪು ಮಾಡುವ ಆಯ್ಕೆಯಲ್ಲಿ) ಹೋಗುತ್ತದೆ. ಎ4 ಪುಟವನ್ನು ಎ5ಕ್ಕೆ ಇಳಿಸಿ ಮುದ್ರಿಸುವುದಾದರೆ ಗೆರೆ 71 ಶೇಕಡಾಕ್ಕೆ ಕುಗ್ಗುತ್ತದೆ. ಹೊಸ ತುದಿಯ 0.2 ಮಿ.ಮೀ. ಗೆರೆ 0.14 ಆಗಿ ಒರಟು ಕಾಗದದಲ್ಲಿ ತುಂಡುತುಂಡಾಗಿ ಮೂಡುತ್ತದೆ. ಮುಖದ ಗೆರೆಯನ್ನು ಬೇಕೆಂದೇ ಒಂದು ಚೂರು ದಪ್ಪ ಇಡಿ.

ಈಗ ಸವೆತದ ಮಾತು. ಮೊದಲ ಆರೇಳು ತಿಂಗಳು ಮೊನೆ ಮುಖಗಳಿಗೆ. ಆಮೇಲೆ ತುದಿ ಎರಡಾಗಿ ಸೀಳುವುದು ಶುರುವಾಗುತ್ತದೆ. ಒಮ್ಮೆ ಇದನ್ನು ಸರಿಮಾಡಬಹುದು: ಕಾರ್ಟ್ರಿಜ್ ತೆಗೆದು, ನೀರು ತಿಳಿಯಾಗುವವರೆಗೆ ತೊಳೆದು, ಕಾಫಿ ಕುಡಿಯುವಷ್ಟು ಬಿಸಿಯ ನೀರಿನಲ್ಲಿ ತುದಿಯನ್ನು ಹತ್ತು ಸೆಕೆಂಡು ಅದ್ದಿ, ಬೆರಳಲ್ಲಿ ತಿರುವಿ ಮೊನೆ ಮಾಡಿ, ಮಲಗಿಸಿ ಒಣಗಿಸಿ. ಕುದಿಯುವ ನೀರು ಬೇಡವೇ ಬೇಡ, ನೈಲಾನ್ ಸುರುಟುತ್ತದೆ. ಈ ಉಪಚಾರ ಎರಡನೇ ಸಲ ಅಷ್ಟಾಗಿ ಫಲಿಸದು. ಆಗ ಪೆನ್ನನ್ನು ಬಟ್ಟೆ, ಮರದ ಎಲೆ, ಹಿನ್ನೆಲೆಯ ಕೆಲಸಕ್ಕೆ ಇಳಿಸಿ, ಮುಖಕ್ಕೆ ಹೊಸದು ತನ್ನಿ. ಪೂರ್ತಿ ಕೆದರಿದ ಮೇಲೆ ಅದರ ಮೂರನೇ ಅವತಾರ: ಇಂಕು ಮುಗಿಯುತ್ತ ಬಂದ ಕಾರ್ಟ್ರಿಜ್ ಹಾಕಿ ಪೆನ್ನನ್ನು ಮಲಗಿಸಿ ಎಳೆದರೆ ಒಣಗೆರೆ ಸಿಗುತ್ತದೆ. ಬಂಡೆಯ ಮೈ, ಹುಣಸೆಮರದ ತೊಗಟೆ, ಹಂಚಿನ ಮೇಲೆ ಸುರಿಯುವ ಮಳೆ ಇದರಲ್ಲಿ ಬರುವಷ್ಟು ಸಹಜವಾಗಿ ಹೊಸ ತುದಿಯಲ್ಲಿ ಬರುವುದೇ ಇಲ್ಲ. ಹಾಗಾಗಿ ಈ ಮೂರು ಹಂತದ ಪೆನ್ನುಗಳಿಗೂ ಬೇರೆಬೇರೆ ಬಣ್ಣದ ಟೇಪು ಸುತ್ತಿಟ್ಟುಕೊಳ್ಳುವುದು ಒಳ್ಳೆಯದು.

ಖಾಲಿ ಕಾರ್ಟ್ರಿಜ್ಜನ್ನು ಮೊಂಡುಸೂಜಿಯ 2 ಎಂ.ಎಲ್. ಸಿರಿಂಜಿನಿಂದ ಮತ್ತೆ ತುಂಬಬಹುದು, ಫೌಂಟನ್ ಪೆನ್ನಿಗೆಂದೇ ಮಾಡಿದ ಪಿಗ್ಮೆಂಟ್ ಇಂಕು ಮಾತ್ರ. ಪ್ಲಾಟಿನಂ ಕಂಪನಿಯ ಕಾರ್ಬನ್ ಇಂಕು ಇದಕ್ಕೆ ಹೊಂದುತ್ತದೆ. ಅರಗು ಬೆರೆತ ಡ್ರಾಯಿಂಗ್ ಇಂಕು ಹಾಕಿದರೆ ಅದು ಕೂದಲಿನ ಬುಡದಲ್ಲಿ ಗಟ್ಟಿಯಾಗುತ್ತದೆ, ಮತ್ತೆ ನೀರಿಗೆ ಕರಗುವುದಿಲ್ಲ. ಪೆನ್ನಿನ ಕತೆ ಅಲ್ಲಿಗೆ ಮುಗಿಯಿತು.

ಗೆರೆ ಪಳಗಿದೆಯೇ ಎಂದು ನೋಡಲು ತಿಂಗಳಿಗೊಂದು ಪುಟ ತೆಗೆದಿಡಿ: 10 ಸೆಂ.ಮೀ. ಉದ್ದದ ಹತ್ತು ಗೆರೆ, ತೆಳು-ದಪ್ಪ-ತೆಳು, ಮಣಿಕಟ್ಟು ಊರದೆ ಭುಜದಿಂದ ಎಳೆದದ್ದು, ಕೆಳಗೆ ತಾರೀಖು. ಉಬ್ಬು ಸರಿಯಾಗಿ ನಡುವಿಗೆ ಬೀಳಲು ನಾಲ್ಕೈದು ತಿಂಗಳು ಹಿಡಿಯುತ್ತದೆ. ಸಮದಪ್ಪ ಗೆರೆಯ ಶೈಲಿ ಇಷ್ಟಪಡುವವರಿಗೆ, ಬೆರಳಿಗೆ ಬಲ ಕೊಟ್ಟು ಬರೆಯುವವರಿಗೆ ಈ ಪೆನ್ನು ಕೊಳ್ಳಲು ಹೇಳುವುದಿಲ್ಲ.

ಪ್ರಯಾಣದಲ್ಲಿ ಒಂದು ಎಚ್ಚರಿಕೆ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತುವಾಗ, ಸಾವಿರ ಮೀಟರಿಗೆ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಅರ್ಧ ಖಾಲಿಯಾದ ಕಾರ್ಟ್ರಿಜ್ಜಿನೊಳಗಿನ ಗಾಳಿ ಹಿಗ್ಗಿ ಇಂಕನ್ನು ಮುಚ್ಚಳದೊಳಕ್ಕೆ ತಳ್ಳುತ್ತದೆ. ತುದಿ ಮೇಲಾಗಿರುವಂತೆ ಚೀಲದಲ್ಲಿ ನಿಲ್ಲಿಸಿ, ಊರು ಸೇರಿದ ಮೇಲೆ ಮುಚ್ಚಳವನ್ನು ಪುಟದಿಂದ ದೂರ ಹಿಡಿದು ತೆಗೆದು, ಬಟ್ಟೆಗೆ ಒಮ್ಮೆ ಒರೆಸಿ.