ಚಪ್ಪಾಳೆ ತಟ್ಟುತ್ತಿದ್ದ ಕೈ ನಿಂತ ಹಾಡು: 'ಎ ಸ್ಟ್ರೇಂಜ್ ಲೂಪ್' ಆಲ್ಬಮ್

'ಎ ಸ್ಟ್ರೇಂಜ್ ಲೂಪ್' ಎಂಬ ಸಂಗೀತ ನಾಟಕವನ್ನು ನಾನು ನೋಡಿದ್ದು 2022ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಲೈಸಿಯಂ ಥಿಯೇಟರಿನಲ್ಲಿ. ಟಿಕೆಟ್ ತೆಗೆದದ್ದು ಮಗ. ತಾನು ಗೇ ಎಂದು ಅವನು ನನಗೆ ಹೇಳಿ ಆಗ ಎರಡು ವರ್ಷವಾಗಿತ್ತು. 2023ರ ಜನವರಿ 15ಕ್ಕೆ ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳ ವಲಯದಲ್ಲಿ, ನಾಟಕ ಮುಗಿಯಿತು. ಈಗ ನನ್ನ ಹತ್ತಿರ ಉಳಿದಿರುವುದು ಅದರ ಹಾಡುಗಳ ಆಲ್ಬಮ್. ಕೆಲಸದಿಂದ ಬರುವಾಗ ಕಾರಿನಲ್ಲಿ ಕೇಳುತ್ತೇನೆ.

ನಾಯಕನ ಹೆಸರು ಅಷರ್. ಕೆಲಸವೂ ಅದೇ. 'ದಿ ಲಯನ್ ಕಿಂಗ್' ನಾಟಕ ನೋಡಲು ಬಂದವರಿಗೆ ಸೀಟು ತೋರಿಸುತ್ತಾನೆ. ಕಪ್ಪು ಹುಡುಗ, ದಪ್ಪ ಮೈ, ಗೇ. ತನ್ನಂಥದೇ ಒಬ್ಬ ಹುಡುಗನ ಬಗ್ಗೆ ಸಂಗೀತ ನಾಟಕ ಬರೆಯುತ್ತಿದ್ದಾನೆ. ಆ ಹುಡುಗನೂ ಇನ್ನೊಬ್ಬ ಅಂಥವನ ಬಗ್ಗೆ ಬರೆಯುತ್ತಿದ್ದಾನೆ. ಹೀಗೆ ಸುತ್ತುತ್ತಲೇ ಇರುತ್ತದೆ. ಇದನ್ನು ಬರೆದ ಮೈಕೆಲ್ ಆರ್. ಜಾಕ್ಸನ್ ಕೂಡ ಬ್ರಾಡ್‌ವೇಯಲ್ಲಿ ಅಷರ್ ಆಗಿ ದುಡಿದವರು. ಮಾತು, ಸಂಗೀತ, ಹಾಡಿನ ಸಾಲು, ಮೂರೂ ಅವರದೇ. ಸುಮಾರು ಎರಡು ದಶಕ ತಿದ್ದಿದ್ದಾರೆ. 2020ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು, 2022ರಲ್ಲಿ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ.

ಅಷರ್‌ನ ತಲೆಯೊಳಗಿನ ಯೋಚನೆಗಳನ್ನು ಆರು ಜನ ನಟಿಸುತ್ತಾರೆ. ಅವನ ಮೈಯನ್ನು ಹೀಯಾಳಿಸುವವರೂ ಅವರೇ, ಅಪ್ಪ ಅಮ್ಮ ಆಗುವವರೂ ಅವರೇ. ಅಮ್ಮನಾಗಿ ಹಾಡಿದವರು ಜಾನ್-ಆಂಡ್ರ್ಯೂ ಮಾರಿಸನ್. ಗಂಡಸಿನ ದನಿ. ಆದರೂ ಎರಡು ಸಾಲು ಕೇಳುವಷ್ಟರಲ್ಲಿ ನನಗೆ ಒಬ್ಬ ತಾಯಿ ಮಾತ್ರ ಕೇಳಿಸಿದಳು. ಫೋನ್ ಮಾಡುತ್ತಾಳೆ, ಮುದ್ದಿನಿಂದ ಮಾತಾಡುತ್ತಾಳೆ, ಅಮೆರಿಕದ ನಾಟಕಕಾರ ಟೈಲರ್ ಪೆರ್ರಿ ಬರೆಯುವಂಥ ಗಾಸ್ಪೆಲ್ ನಾಟಕ, ಅಂದರೆ ಚರ್ಚಿನ ಭಕ್ತಿಗೀತೆಗಳ ನಾಟಕ, ಬರಿ ಮಗನೇ ಅಂತಾಳೆ. ಅವನು ಗೇ ಆಗಿರುವುದು ಪಾಪ ಅನ್ನುವುದನ್ನೂ ಅದೇ ಮುದ್ದಿನ ದನಿಯಲ್ಲೇ ಹೇಳುತ್ತಾಳೆ. ಅವಳಿಗೆ ಮಗನ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ನನಗೆ ನಡುಕ ಬಂದದ್ದು ಅದಕ್ಕೇ. ನಾನೂ ಹಾಗೇ ಮಾತಾಡಿದ್ದೆ, ಅಲ್ವಾ? "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಅಂತ.

ಕೊನೆಯ ಹೊತ್ತಿಗೆ ಅಷರ್ ಅಮ್ಮ ಕೇಳಿದ ಗಾಸ್ಪೆಲ್ ನಾಟಕವನ್ನೇ ಕಟ್ಟಿ ತೋರಿಸುತ್ತಾನೆ. ಚರ್ಚಿನ ಮೇಳದಂತೆ ಎಲ್ಲರೂ ಹಾಡುತ್ತಾರೆ. ಎಂಥ ರಾಗ ಅಂದರೆ ನನ್ನ ಕೈ ತಾನಾಗೇ ತಾಳ ಹಾಕಿತು. ಆಮೇಲೆ ಸಾಲು ಕಿವಿಗೆ ಬಿತ್ತು: ಏಡ್ಸ್ ದೇವರು ಕೊಟ್ಟ ಶಿಕ್ಷೆ. ಕೈ ನಿಂತಿತು. ಪಕ್ಕದಲ್ಲಿ ಮಗ ಅಲುಗಾಡದೆ ಕೂತಿದ್ದ. ಅವನು ಇಂಥ ಮಾತುಗಳನ್ನು ಒಳ್ಳೆಯವರ ಬಾಯಲ್ಲೇ, ಹಬ್ಬದ ಊಟಕ್ಕೆ ಕೂತಾಗಲೇ ಕೇಳಿ ಬೆಳೆದವನು. ಆ ಪಂಕ್ತಿಯಲ್ಲಿ ನಾನೂ ಇದ್ದೆ.

ಆಲ್ಬಮ್ಮಿನಲ್ಲಿ ಕಣ್ಣಿಗೆ ಕಂಡದ್ದು ಸಿಗುವುದಿಲ್ಲ, ಸಹಜ. ಆದರೆ ದನಿಗಳು ಬಿಡಿಬಿಡಿಯಾಗಿ ಕೇಳುತ್ತವೆ. ಆರು ಯೋಚನೆಗಳೂ ಒಟ್ಟಿಗೆ ಮುಗಿಬಿದ್ದಾಗ ಒಬ್ಬೊಬ್ಬರ ಮಾತೂ ತಿಳಿಯುತ್ತದೆ. ಥಿಯೇಟರಿನಲ್ಲಿ ನನಗೆ ಅಷ್ಟು ತಿಳಿದಿರಲಿಲ್ಲ. 2019ರಲ್ಲಿ ಲ್ಯಾರಿ ಓವೆನ್ಸ್ ಅಷರ್ ಪಾತ್ರದಲ್ಲಿದ್ದಾಗಿನ ರೆಕಾರ್ಡಿಂಗ್ ಕೂಡ ಇದೆ, ಅದೂ ಚೆನ್ನಾಗಿದೆ. ಆದರೆ ಒಂದೇ ಸಾಕು ಅನ್ನುವವರು 2022ರದ್ದು ತೆಗೆದುಕೊಳ್ಳಿ. ಅದರಲ್ಲಿ ಜಕೆಲ್ ಸ್ಪೈವಿ ಹಾಡಿದ್ದಾರೆ. ಕಾಲೇಜು ಮುಗಿಸಿದ ಮರುವರ್ಷವೇ ಬ್ರಾಡ್‌ವೇಗೆ ಬಂದ ಹುಡುಗ. 'ಮೆಮರಿ ಸಾಂಗ್' ಹಾಡುವಾಗ ಅವರು ದನಿ ಏರಿಸದೇ ಎದೆ ಹಿಂಡುತ್ತಾರೆ.

ಬೈಗುಳ ಜಾಸ್ತಿ ಇದೆ. ಹೆಸರಲ್ಲಿ 'ಇನ್‌ವುಡ್' ಇರುವ ಹಾಡಿನಲ್ಲಿ ಒಬ್ಬ ಬಿಳಿಯ ಗಂಡಸು ಅಷರ್‌ನನ್ನು ಅವನ ಕಪ್ಪು ಬಣ್ಣ ಹಿಡಿದೇ ಹೀನವಾಗಿ ಬಳಸಿಕೊಳ್ಳುತ್ತಾನೆ. ಚಿಕ್ಕ ಮಕ್ಕಳು ಕಾರಿನಲ್ಲಿದ್ದರೆ ಹಾಕಬೇಡಿ.

ಒಬ್ಬಳೇ ಇದ್ದಾಗ ಆ ಗಾಸ್ಪೆಲ್ ಹಾಡನ್ನು ದಾಟಿಸಿಬಿಡುತ್ತೇನೆ. ಮಗ ಪಕ್ಕದಲ್ಲಿದ್ದರೆ ದಾಟಿಸಲು ಬಿಡುವುದಿಲ್ಲ. "ಇರಲಿ ಅಮ್ಮ, ಪೂರ್ತಿ ಕೇಳು" ಅಂತಾನೆ. ಕೇಳುತ್ತೇನೆ.