ದಸರಾ ಸೂಟಿಗೆ ಚಿನಾರ್ ಕೆಂಪಾಗುವುದಿಲ್ಲ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಕಲಬುರಗಿಯಲ್ಲಿ ಯಾರಾದರೂ ಕಾಶ್ಮೀರದ "ಚಿನಾರ್ ಸ್ಪೆಷಲ್" ಪ್ಯಾಕೇಜಿಗೆ ಮುಂಗಡ ಕೊಡುವವರಿದ್ದರೆ ದಯವಿಟ್ಟು ಒಂದು ದಿನ ತಡೆಯಿರಿ. ನಮಗಾದ ಮೋಸ ಇನ್ನೊಬ್ಬರಿಗೆ ಆಗಬಾರದು. ಏಜೆಂಟನ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ಕೊಡುವುದಿದೆ.

ನಾವು ಕೇಳಿದ್ದು ಇಷ್ಟೇ. ಚಿನಾರ್ ಅಂದರೆ ಅಲ್ಲಿನ ದೊಡ್ಡ ಮರ, ಅದರ ಎಲೆ ಕೆಂಪಾಗುವ ಹೊತ್ತಿಗೆ ಹೋಗಬೇಕು. ಅತ್ತೆಗೆ ಮಂಡಿನೋವು, ಗುಡ್ಡ ಹತ್ತುವುದು ಬೇಡ, ಆರಾಮಾಗಿ ಅಡ್ಡಾಡುವಂಥ ದಾರಿ ಇರಬೇಕು. ಎರಡು ರಾತ್ರಿ ಪಹಲ್ಗಾಮ್ ಮೇಲಿನ ಅರು ಎಂಬ ಸಣ್ಣ ಹಳ್ಳಿಯಲ್ಲಿ ಉಳಿಯಬೇಕು. ಎಲ್ಲದಕ್ಕೂ ಹೂಂ ಅಂದ. ನವೆಂಬರ್ ಮೊದಲ ವಾರ, ಹೈದರಾಬಾದಿನಿಂದ ವಿಮಾನ, ಒಬ್ಬರಿಗೆ 38 ಸಾವಿರ ಅಂತ ಮಾತಾಯ್ತು.

ಅರ್ಧ ದುಡ್ಡು ಕಟ್ಟಿದ ಮೇಲೆ ಫೋನ್ ಬಂತು. "ಅಕ್ಕಾರ, ನವೆಂಬರ್ ಬ್ಯಾಚ್ ತುಂಬಲಿಲ್ರಿ. ದಸರಾ ಸೂಟಿಗೇ ಹೋಗಿಬಿಡ್ರಿ. ಈ ಸಲ ಚಳಿ ಲಗೂನ ಬಂದದ, ಗಿಡ ಎಲ್ಲಾ ಕೆಂಪಾಗ್ಯಾವ." ನನಗೆ ಅನುಮಾನ ಬಂತು, ಕೇಳಿದೆ. ಖಂಡಿತಾನಾ ಅಂತ ಮತ್ತೆ ಕೇಳಿದೆ. ಅದಕ್ಕೆ ವಾಟ್ಸಾಪಿಗೆ ಫೋಟೊ ಕಳಿಸಿದ. ಬೆಂಕಿ ಹತ್ತಿದ ಹಾಗೆ ಕೆಂಪಾದ ದೊಡ್ಡ ಚಿನಾರ್, ಕೆಳಗೊಂದು ಮುರುಕು ಬೆಂಚು, ಅದರ ಮೇಲೆ ಫೆರನ್ (ಕಾಶ್ಮೀರಿಗಳ ಉದ್ದನೆಯ ನಿಲುವಂಗಿ) ಹಾಕಿಕೊಂಡ ಇಬ್ಬರು ಹುಡುಗರು. "ಇವತ್ತ ಮುಂಜಾನಿ ನಮ್ಮ ಡ್ರೈವರ್ ತಗದದ್ದು ರೀ" ಅಂದ. ಇವತ್ತು ಮುಂಜಾನೆ!

ಶ್ರೀನಗರಕ್ಕೆ ಹೋಗಿ ಇಳಿದರೆ ಊರೆಲ್ಲಾ ಹಸಿರು. ನಸೀಮ್ ಬಾಗ್ ಅಂತಿದೆ, ಹಜ್ರತ್‌ಬಲ್ ಹತ್ತಿರ, ಕಾಶ್ಮೀರ ವಿಶ್ವವಿದ್ಯಾಲಯದ ಒಳಗೆ. ಮೊಗಲರ ಕಾಲದ ಚಿನಾರ್ ತೋಪು. ಅಲ್ಲೂ ಹಸಿರೇ. ಅಲ್ಲೊಂದು ಇಲ್ಲೊಂದು ಎಲೆಯ ಅಂಚು ಹಳದಿಯಾಗಿತ್ತು, ಅಷ್ಟೇ. ಕಸ ಗುಡಿಸುತ್ತಿದ್ದ ಮುದುಕರು ನಮ್ಮ ಮುಖ ನೋಡಿ ಹಿಂದಿಯಲ್ಲಿ ಹೇಳಿದರು, ಒಂದು ತಿಂಗಳು ಬಿಟ್ಟು ಬನ್ನಿ ಅಂತ. ರಾತ್ರಿ ಚಳಿ ಜೋರಾದ ಮೇಲೇ ಎಲೆಯ ಹಸಿರು ಇಳಿಯುವುದು. ಮೊದಲು ಹಳದಿ, ಆಮೇಲೆ ತುಕ್ಕಿನ ಬಣ್ಣ, ಕೊನೆಗೆ ಕೆಂಪು. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನ ತನಕ ಅದರ ಕಾಲ. ಶ್ರೀನಗರದ ಹತ್ತಿರದ ಪಾಂಪೋರಿನಲ್ಲಿ ಕೇಸರಿ ಹೂವು ಬಿಡಿಸುವುದೂ ಹೆಚ್ಚುಕಡಿಮೆ ಆಗಲೇ. ವರ್ಷವರ್ಷ ಜನ ಕರೆದೊಯ್ಯುವ ಏಜೆಂಟನಿಗೆ ಇದು ಗೊತ್ತಿಲ್ಲದೆ ಇರುತ್ತದಾ? ಗೊತ್ತಿತ್ತು. ಗೊತ್ತಿದ್ದೇ ಕಳಿಸಿದ.

ಇದು ನನಗೆ ಹೆಂಗೆ ಗೊತ್ತಾಯ್ತು ಅಂದರೆ, ಅವತ್ತು ರಾತ್ರಿ ಹೋಟೆಲಿನ ಕೌಂಟರ್ ಹಿಂದೆ ಒಂದು ಹಳೆಯ ಕ್ಯಾಲೆಂಡರ್ ನೇತಾಡುತ್ತಿತ್ತು. ಹಿಂದಿನ ವರ್ಷದ್ದು, ನವೆಂಬರ್ ಪುಟ. ಅದೇ ಚಿನಾರ್. ಅದೇ ಮುರುಕು ಬೆಂಚು. ಅದೇ ಇಬ್ಬರು ಹುಡುಗರು. ಮೊಬೈಲ್ ತೆಗೆದು ಪಕ್ಕಕ್ಕೆ ಹಿಡಿದೆ. ಕೈ ನಡುಗಿತು. ಹಿಂದೆ ಅತ್ತೆ, ಮೈದುನ, ಅವನ ಹೆಂಡತಿ ನಿಂತಿದ್ದರು. ಯಾರೂ ಒಂದು ಮಾತು ಆಡಲಿಲ್ಲ. ಅವರನ್ನೆಲ್ಲ ಒತ್ತಾಯ ಮಾಡಿ ಹೊರಡಿಸಿದ್ದು ನಾನು. ಆ ಅವಮಾನ ಇನ್ನೂ ಹೋಗಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. (ಹೊರಗಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಅದನ್ನೂ ಆತ ಹೇಳಿರಲಿಲ್ಲ, ಮೈದುನನ ಪೋಸ್ಟ್‌ಪೇಯ್ಡ್ ಇದ್ದದ್ದಕ್ಕೆ ಆಯ್ತು.) ಆತನ ಉತ್ತರ ಕೇಳಿ. "ಗಿಡದ ಎಲಿ ನನ್ನ ಕೈಯಾಗ ಅದಾವೇನ್ರಿ ಅಕ್ಕಾ?" ಫೋಟೊ ಹಳೆಯದಲ್ವಾ ಅಂದೆ. "ಡ್ರೈವರ್ ಕಳಿಸಿದ್ದ, ನಾ ಫಾರ್ವರ್ಡ್ ಮಾಡೀನಿ." ಕೊನೆಗೆ, "ಹಸರು ಇದ್ರೂ ಚಂದೇ ಕಾಣ್ತದಲ್ರಿ. ಮಂದಿ ಹಸರು ನೋಡಲಿಕ್ಕೇ ಹೋಗ್ತಾರ." ನಮ್ಮ ದುಡ್ಡು ತಿಂದು ನಮಗೇ ಹೇಳುವ ಮಾತಾ ಇದು?

ಹಳ್ಳಿಯ ಕಥೆಯೂ ಅಷ್ಟೇ. ಪಹಲ್ಗಾಮಿನಿಂದ ಅರುವಿಗೆ ಸುಮಾರು 12 ಕಿಲೋಮೀಟರ್. ಶ್ರೀನಗರದಿಂದ ಬಂದ ಗಾಡಿ ಅರುವಿಗೆ ಹೋಗುವಂತಿಲ್ಲ, ಅಲ್ಲಿನ ಯೂನಿಯನ್ ಟ್ಯಾಕ್ಸಿಯೇ ಆಗಬೇಕು. ಪ್ಯಾಕೇಜಿನಲ್ಲಿ ಆ ದುಡ್ಡು ಸೇರಿರಲಿಲ್ಲ, ರೂಮು ಪಹಲ್ಗಾಮ್ ಪೇಟೆಯಲ್ಲಿ ಹಾಕಿದ್ದ. ಕೇಳಿದರೆ "ಅರು ಅಂದ್ರ ಪಹಲ್ಗಾಮೇ ರೀ, ಎಲ್ಲಾ ಒಂದೇ." ಸುಲಭದ ನಡಿಗೆ ಅಂದದ್ದು ಏನಾಯ್ತು ಗೊತ್ತಾ? ಕರೆದೊಯ್ದು ನಿಲ್ಲಿಸಿದ್ದು ಕುದುರೆಯವರ ಮುಂದೆ. ಮಂಡಿನೋವಿನ ಅತ್ತೆ ಕುದುರೆ ಹತ್ತುತ್ತಾರಾ? ಅವರು ಗಾಡಿಯಲ್ಲೇ ಕೂತರು. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ವಾಪಸ್ ಬಂದ ಮೇಲೆ ಆಫೀಸಿಗೆ ಹೋದೆವು. ಚಹಾ ತರಿಸಿದ. "ಮುಂದಿನ ಟ್ರಿಪ್ಪಿನಾಗ ಅಡ್ಜಸ್ಟ್ ಮಾಡ್ತೀನ್ರಿ" ಅಂದ. ಬೇಡ, ದುಡ್ಡು ಕೊಡು ಅಂದೆವು. ಅಲ್ಲಿಂದ ಈಚೆ ಫೋನ್ ಎತ್ತುತ್ತಿಲ್ಲ.

ಹೋಗುವವರು ತಾರೀಖು, ಉಳಿಯುವ ಹಳ್ಳಿಯ ಹೆಸರು, ಯೂನಿಯನ್ ಟ್ಯಾಕ್ಸಿ ಯಾರ ಖರ್ಚು, ಮೂರನ್ನೂ ಬರೆಸಿಕೊಳ್ಳಿ. ತಾರೀಖು ಬದಲಿಸಿದರೆ ದುಡ್ಡು ವಾಪಸ್ ಕೇಳಿ. ಫೋಟೊ ನಂಬಬೇಡಿ, ವಿಡಿಯೊ ಕಾಲ್ ಮಾಡಿಸಿ ಗಿಡ ತೋರಿಸು ಅನ್ನಿ. ಈಗಾಗಲೇ ಮೋಸ ಹೋದವರು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಾಶ್ಮೀರಕ್ಕೆ ಅಲೆಯಬೇಕಿಲ್ಲ. ವಾಟ್ಸಾಪ್ ಮೆಸೇಜು, ಆ ಫೋಟೊ, ಕ್ಯಾಲೆಂಡರಿನ ಫೋಟೊ ಎಲ್ಲ ಇಟ್ಟುಕೊಂಡಿದ್ದೇನೆ.

ಆತನ ಸ್ಟೇಟಸ್ಸಿನಲ್ಲಿ ಅದೇ ಬೆಂಚಿನ ಫೋಟೊ ನಿನ್ನೆ ಮತ್ತೆ ಬಂದಿದೆ, "ಸೀಟು ಕಡಿಮೆ ಅದಾವ" ಅಂತ. ಆ ಫೋಟೊ ನಿಮಗೂ ಬಂದಿದ್ದರೆ ದುಡ್ಡು ಹಾಕಬೇಡಿ. ಹಾಕಿದ್ದರೆ ನನಗೆ ಮೆಸೇಜ್ ಮಾಡಿ, ಒಟ್ಟಿಗೆ ದೂರು ಕೊಡೋಣ.